ಜುಲೈ ತಿಂಗಳ ತಿಪ್ಪೇಸ್ವಾಮಿ

ಒಂದು ಸಮಾಜ ಎಷ್ಟು ಮುಂದುವರಿದಿದೆ ಎಂಬುದನ್ನು ಅದು ಬೆಳಕನ್ನು ಎಷ್ಟು ಹಿತಮಿತವಾಗಿ ಬಳಸುತ್ತದೆ ಎಂಬುದರಿಂದ ಅಳೆಯಬಹುದು. ಈ ಗಂಭೀರ ಸತ್ಯ ನನಗೆ ಹೊಳೆದದ್ದು ಸ್ವೀಡನ್ನಿನ ನಾರ್‌ಶೋಪಿಂಗಿನ ನಮ್ಮ ಮನೆಯ ಬಚ್ಚಲಿನಲ್ಲಿ, ಮುಖಕ್ಕೆಲ್ಲ ಸೋಪು ಹಚ್ಚಿಕೊಂಡು ಕಗ್ಗತ್ತಲಲ್ಲಿ ನಿಂತಿದ್ದಾಗ. ಬಚ್ಚಲಿನ ಸ್ವಿಚ್ಚು ಹೊರಗಿತ್ತು. ಮಧ್ಯಾಹ್ನದ ಊಟಕ್ಕೆ ಕರೆದಿದ್ದ ತಿಪ್ಪೇಸ್ವಾಮಿ ಆಗತಾನೇ ಬಂದು, ಷೂ ಬಿಚ್ಚಿಟ್ಟು, ನನ್ನ ಹೆಂಡತಿ ಸುಧಾಳಿಗೆ ನಮಸ್ಕಾರ ಹೇಳುವುದಕ್ಕೂ ಮೊದಲು, ದಾರಿಯಲ್ಲಿ ಸಿಕ್ಕ ದೀಪಗಳನ್ನೆಲ್ಲ ಆರಿಸುತ್ತಾ ಒಳಗೆ ನಡೆದಿದ್ದರು. ನಾನು ಒಳಗಿನಿಂದ ಕೂಗಿಕೊಂಡೆ.

“ಓ, ಜನ ಇದಾರಾ?” ಎಂದು ಮತ್ತೆ ದೀಪ ಹಾಕಿದರು. “ಸಾರಿ ಸಾರ್. ಫ್ಯಾನ್ ಶಬ್ದ ಒಂದೇ ಕೇಳಿಸ್ತು. ಖಾಲಿ ರೂಮಿಗೆ ಯಾಕಪ್ಪಾ ಗಾಳಿ ಅಂದ್ಕೊಂಡೆ.”

ತಿಪ್ಪೇಸ್ವಾಮಿ ಚಿತ್ರದುರ್ಗದ ಕಡೆಯವರು. ಅಲ್ಲಿನ ಗುಡ್ಡಗಳ ಮೇಲಿನ ಗಾಳಿಯಂತ್ರಗಳನ್ನು ಕೆಲವು ವರ್ಷ ನೋಡಿಕೊಂಡಿದ್ದು, ಆಮೇಲೆ ಎಸ್ಕಿಲ್‌ಸ್ಟುನಾದ ಒಂದು ಸಣ್ಣ ಕಂಪನಿಗೆ ವರ್ಕ್ ಪರ್ಮಿಟ್ಟಿನ ಮೇಲೆ ಬಂದಿದ್ದರು. ಕಾರ್ಖಾನೆ, ಗೋದಾಮು, ಬೇಕರಿಗಳ ಛಾವಣಿಗೆ ಸೋಲಾರ್ ಪ್ಯಾನೆಲ್ ಹಾಕುವುದು ಆ ಕಂಪನಿಯ ಕಸುಬು. ಹೆಂಡತಿ ಮಂಜುಳಾ ಒಂದು ದಾಗಿಸ್‌ನಲ್ಲಿ, ಅಂದರೆ ಶಿಶುವಿಹಾರದಲ್ಲಿ, ಕೆಲಸಕ್ಕೆ ಸೇರಿದ್ದರು. ಹನ್ನೊಂದು ವರ್ಷದ ಮಗಳು ಕನ್ನಡದಲ್ಲಿ ಕೇಳಿದ್ದಕ್ಕೆ ಸ್ವೀಡಿಷ್‌ನಲ್ಲಿ ಉತ್ತರ ಹೇಳುವ ಹಂತಕ್ಕೆ ಬಂದಿದ್ದಳು. ಪರ್ಮಿಟ್ಟಿನ ಮೇಲೆ ನಾಲ್ಕು ವರ್ಷ ತುಂಬಿದರೆ ಕಾಯಂ ಆಗಿ ಇರಲು ಅರ್ಜಿ ಹಾಕಬಹುದಿತ್ತು. ಆ ದಿನ ಊಟದ ನಡುವೆ ಸುಧಾ ಆ ಮಾತೆತ್ತಿದಳು.

“ಇನ್ನೊಂದೇ ವರ್ಷ ಅಕ್ಕ,” ಎಂದರು ತಿಪ್ಪೇಸ್ವಾಮಿ. “ಅದೊಂದು ಆಗ್ಬಿಟ್ರೆ ಮಗಳ ಓದು ಇಲ್ಲೇ ಮುಗಿಯುತ್ತೆ. ಈಗ ವಾಪಸ್ ಕರ್ಕೊಂಡೋದ್ರೆ ಅವಳಿಗೆ ಕನ್ನಡ ಓದೋಕೂ ಬರಲ್ಲ. ಅಲ್ಲಿ ಮತ್ತೆ ಅ ಆ ಇ ಈಯಿಂದ ಶುರು ಮಾಡ್ಬೇಕು.”

ನನಗೆ ಅವರ ಪರಿಚಯವಾದದ್ದು ಕೆಲಸದ ಮೇಲೆ. ನಾನು ಇಲ್ಲಿಗೆ ಬಹಳ ಹಿಂದೆಯೇ ಬಂದವನು. ಪಾಸ್‌ಪೋರ್ಟು ಕೂಡ ಇಲ್ಲಿನದೇ. ಮೀನು, ಬಟಾಣಿ, ಐಸ್‌ಕ್ರೀಮುಗಳನ್ನು ಹೆಪ್ಪುಗಟ್ಟಿಸಿ ಇಡುವ ಒಂದು ದೊಡ್ಡ ಗೋದಾಮಿನ ಮ್ಯಾನೇಜರು. ನಮ್ಮ ನಿರ್ದೇಶಕ ಬೆಂಗ್ಟ್, ಕರೆಂಟಿನ ಖರ್ಚು ಇಳಿಸಬೇಕು ಮತ್ತು ಪರಿಸರವೂ ಉಳಿಯಬೇಕು ಎಂದು, ಇದೇ ಅನುಕ್ರಮದಲ್ಲಿ, ಅಪ್ಪಣೆ ಕೊಡಿಸಿದ್ದ. ಮೂರು ಕಂಪನಿಗಳನ್ನು ಕರೆಸಿದೆ. ಇಬ್ಬರು ಬಣ್ಣದ ಚಿತ್ರಗಳನ್ನು ತಂದರು. ಅವುಗಳಲ್ಲಿ ನಮ್ಮ ಗೋದಾಮಿನ ಹಿಂದೆ ಸಮುದ್ರವೂ ಇತ್ತು. ಮೂರನೆಯವರಾಗಿ ಬಂದ ತಿಪ್ಪೇಸ್ವಾಮಿ ಏನನ್ನೂ ತಂದಿರಲಿಲ್ಲ. ಒಂದು ವರ್ಷದ, ಗಂಟೆಗಂಟೆಯ ಬಳಕೆಯ ಪಟ್ಟಿ ಕೇಳಿ ಪಡೆದು, ಕ್ಯಾಂಟೀನಿನ ಮೂಲೆಯಲ್ಲಿ ಕೂತು, ಜಾತಕ ನೋಡುವವರ ಹಾಗೆ ಬೆರಳು ಮಡಿಚುತ್ತಾ ಓದಿದರು.

ಆಮೇಲೆ ಕೇಳಿದರು: “ಸಾರ್, ಬೆಳಿಗ್ಗೆ ಏಳು ಗಂಟೆಗೆ ಇಲ್ಲಿ ಏನಾಗುತ್ತೆ?”

“ಏನೂ ಇಲ್ಲ. ಶಿಫ್ಟ್ ಬದಲಾಗುತ್ತೆ.”

“ಏನೋ ಆಗುತ್ತೆ. ನಾಳೆ ನೋಡೋಣ.”

ಮರುದಿನ ಏಳಕ್ಕೆ ಇಬ್ಬರೂ ನಿಂತು ನೋಡಿದೆವು. ಮುಗಿದ ಶಿಫ್ಟಿನವರು ಎಲ್ಲ ಫೋರ್ಕ್‌ಲಿಫ್ಟ್‌ಗಳನ್ನೂ ಒಟ್ಟಿಗೆ ಚಾರ್ಜಿಗೆ ಹಾಕಿದರು. ಹೊಸ ಶಿಫ್ಟಿನವರು ಶೀತಲಕೋಣೆಯ ದೊಡ್ಡ ಬಾಗಿಲನ್ನು ಹಾರುಹೊಡೆದು, ಪರಸ್ಪರ ಕ್ಷೇಮಸಮಾಚಾರ ವಿಚಾರಿಸುತ್ತಾ ನಿಂತರು. ತಣ್ಣಗಾಗಿಸುವ ಕಂಪ್ರೆಸರುಗಳೆಲ್ಲ ಒಟ್ಟಿಗೇ ಬೊಬ್ಬೆ ಹಾಕಿದವು. ನಮ್ಮ ವಿದ್ಯುತ್ ಸರಬರಾಜಿನವರು ತಿಂಗಳಲ್ಲಿ ಅತಿ ಹೆಚ್ಚು ಎಳೆದ ಒಂದೇ ಒಂದು ಗಂಟೆಯನ್ನು ಹಿಡಿದು ಇಡೀ ತಿಂಗಳಿಗೆ ಶುಲ್ಕ ಹಾಕುತ್ತಿದ್ದರು. ನಾವು ಪ್ರತಿದಿನ ಶ್ರದ್ಧೆಯಿಂದ ಅವರಿಗೆ ಆ ಗಂಟೆಯನ್ನು ಒದಗಿಸುತ್ತಿದ್ದೆವು.

“ಮೊದಲು ಬಾಗಿಲಿನ ರಬ್ಬರ್ ಬದಲಾಯಿಸಿ, ಗಾಡಿಗಳನ್ನ ಸರದಿ ಮೇಲೆ ಚಾರ್ಜ್ ಮಾಡಿ,” ಎಂದರು. “ಆಮೇಲೆ ಎಷ್ಟು ಪ್ಯಾನೆಲ್ ಬೇಕು ಅಂತ ಹೇಳ್ತೀನಿ. ಈಗಲೇ ಹೇಳಿದ್ರೆ ನಿಮ್ಮ ಸೋರಿಕೆಗೂ ಸೇರಿಸಿ ಮಾರಿದ ಹಾಗಾಗುತ್ತೆ.”

ಮಾರಾಟಕ್ಕೆ ಬಂದವನು ಕಡಿಮೆ ಕೊಳ್ಳಿ ಎಂದು ಹೇಳುವುದನ್ನು ನಾನು ಅದುವರೆಗೆ ಯಾವ ದೇಶದಲ್ಲೂ ಕೇಳಿರಲಿಲ್ಲ.

ಅವರ ತರ್ಕ ಸರಳ. ಛಾವಣಿಯಲ್ಲಿ ಹುಟ್ಟಿದ ಕರೆಂಟನ್ನು ಹೊರಗೆ ಮಾರಿದರೆ ಪುಡಿಗಾಸು, ನಾವೇ ಬಳಸಿದರೆ ಲಾಭ. ಶೀತಲಗೋದಾಮಿಗೆ ಹೆಚ್ಚು ಕರೆಂಟು ಬೇಕಾಗುವುದು ಬೇಸಿಗೆಯ ಹಗಲಿನಲ್ಲಿ. ಇಲ್ಲಿ ಸೂರ್ಯ ಡ್ಯೂಟಿಗೆ ಬರುವುದೂ ಆಗಲೇ. ಆದ್ದರಿಂದ ಪೂರ್ವಕ್ಕೂ ಪಶ್ಚಿಮಕ್ಕೂ ಅರ್ಧರ್ಧ ಹಾಕಿ, ಬೆಳಿಗ್ಗೆಯಿಂದ ಸಂಜೆವರೆಗೆ ಒಂದೇ ಸಮ ಬರಲಿ, ಎಂದರು. ಹಿಮ ಬಿದ್ದಾಗ ಗುಡಿಸಬೇಕಾ ಎಂದು ಬೆಂಗ್ಟ್ ಕೇಳಿದ್ದಕ್ಕೆ, “ಡಿಸೆಂಬರ್‌ನಲ್ಲಿ ಗುಡಿಸಿದರೆ ಕೆಳಗಡೆ ಕತ್ತಲೆ ಸಿಗುತ್ತದೆ ಅಷ್ಟೇ” ಎಂದು ತಮ್ಮ ಸ್ವೀಡಿಷ್‌ನಲ್ಲಿ ಉತ್ತರಿಸಿದರು.

ಬೆಂಗ್ಟ್‌ಗೆ ಇನ್ನೊಂದು ಆಸೆಯಿತ್ತು. ಹೆದ್ದಾರಿಯಿಂದ ಕಾಣುವುದು ನಮ್ಮ ಛಾವಣಿಯ ಉತ್ತರದ ಇಳಿಜಾರು. ಅಲ್ಲಿ ಒಂದೆರಡು ಸಾಲು ಪ್ಯಾನೆಲ್ ಹಾಕಿದರೆ ಕಂಪನಿಯ ಗೌರವ ಹೆಚ್ಚುತ್ತದೆ ಎಂದ. ತಿಪ್ಪೇಸ್ವಾಮಿ ನನ್ನ ಕಡೆ ತಿರುಗಿ ಕನ್ನಡದಲ್ಲಿ, “ಸಾರ್, ಬಿಸಿಲಿಗೆ ಬೆನ್ನು ಹಾಕಿ ಪ್ಯಾನೆಲ್ ಕೂರಿಸೋಕೆ ನಾನು ಇಷ್ಟು ದೂರ ಬರ್ಬೇಕಿತ್ತಾ? ಅಲ್ಲಿ ಬೋರ್ಡ್ ಬರೆಸೋಕೆ ಹೇಳಿ, ಅಗ್ಗ,” ಎಂದರು. ನಾನು ಅದನ್ನು ಸಾಕಷ್ಟು ಸಕ್ಕರೆ ಬೆರೆಸಿ ಅನುವಾದಿಸಿದೆ. ಬೋರ್ಡನ್ನೇ ಬರೆಸಲಾಯಿತು.

ಇಷ್ಟೆಲ್ಲ ಆಗುವಷ್ಟರಲ್ಲಿ ಜೂನ್ ಮುಗಿಯುತ್ತಾ ಬಂದಿತ್ತು. ಜುಲೈ ತಿಂಗಳಲ್ಲಿ ಸ್ವೀಡನ್ ದೇಶ ಇರುವುದಿಲ್ಲ. ಹಲ್ಲುನೋವು ಕೂಡ ಆಗಸ್ಟಿನವರೆಗೆ ಕಾಯಬೇಕು. ತಿಪ್ಪೇಸ್ವಾಮಿಯವರ ಕಂಪನಿಯ ಮಾಲೀಕ ಯಾನ್, ತನ್ನ ಕೆಲಸಗಾರರೆಲ್ಲ ರಜೆಯ ಮೇಲೆ ಹೋಗುತ್ತಾರೆ, ಆಗಸ್ಟ್ ಕೊನೆಗೆ ನೋಡೋಣ ಎಂದ. ಬೆಂಗ್ಟ್‌ಗೆ ಅದಕ್ಕೂ ಮೊದಲು ನಡೆಯಲಿದ್ದ ಆಡಳಿತ ಮಂಡಳಿಯ ಸಭೆಯ ಹೊತ್ತಿಗೆ ಛಾವಣಿ ಸಿದ್ಧವಾಗಬೇಕಿತ್ತು. ನಾನು ಯಾನ್‌ನನ್ನು ಬಿಟ್ಟು ನೇರವಾಗಿ ತಿಪ್ಪೇಸ್ವಾಮಿಗೆ ಫೋನ್ ಮಾಡಿದೆ.

“ನೀವೂ ರಜೆ ಹೋಗ್ತೀರಾ?”

“ನಾನೆಲ್ಲಿಗೆ ಹೋಗ್ಲಿ ಸಾರ್? ರಜೆ ಹಾಗೇ ಇದೆ. ಹೋದ ವರ್ಷದ್ದೂ ಇದೆ.”

ಅವರ ದನಿಯಲ್ಲಿ ಸಂಕೋಚವಿರಲಿಲ್ಲ, ಹೆಮ್ಮೆಯಿತ್ತು. ಅವರ ತಂದೆ ವಿದ್ಯುತ್ ಇಲಾಖೆಯಲ್ಲಿ ಲೈನ್‌ಮನ್ ಆಗಿದ್ದವರು. ನಿವೃತ್ತಿಯ ದಿನ ಅವರ ಖಾತೆಯಲ್ಲಿ ಗಳಿಕೆ ರಜೆ, ಅದೇ ಇಎಲ್, ಉಳಿಸಬಹುದಾದ ಗರಿಷ್ಠ ಮಟ್ಟದಲ್ಲಿತ್ತೆಂದು ಬೀಳ್ಕೊಡುಗೆ ಭಾಷಣದಲ್ಲಿ ಎಲ್ಲರೂ ಹೇಳಿದ್ದರಂತೆ. ನಮ್ಮ ಕಡೆ ಇಎಲ್ ಉಳಿಸಿದವನು ಸಂಭಾವಿತ, ಖರ್ಚು ಮಾಡಿದವನು ಸೋಮಾರಿ. ಮಗನೂ ಅದೇ ಹಾದಿಯಲ್ಲಿದ್ದರು. ಕಾಯಂ ಆದಮೇಲೆ ಒಟ್ಟಿಗೆ ಎರಡು ತಿಂಗಳು ಊರಿಗೆ ಹೋಗುವ ಯೋಜನೆ. ಇಲ್ಲಿ ವರ್ಷಕ್ಕೆ ಇಷ್ಟು ದಿನ ರಜೆ ತೆಗೆದುಕೊಳ್ಳಲೇಬೇಕೆಂಬ ನಿಯಮ ಇರುವುದು ನನಗೆ ಗೊತ್ತಿತ್ತು. ನಮ್ಮ ಗೋದಾಮಿನ ರಜೆಚೀಟಿಗಳಿಗೆ ಸಹಿ ಹಾಕುವವನು ನಾನೇ. ಆದರೆ ಅವರು ನಮ್ಮ ಕೆಲಸಗಾರರಲ್ಲವಲ್ಲ.

ಯಾನ್ ಕೂಡ ಬೇಡವೆನ್ನಲಿಲ್ಲ. ಜುಲೈ ಪೂರ್ತಿ ತಿಪ್ಪೇಸ್ವಾಮಿ, ಹೊರಗಿನಿಂದ ಕರೆಸಿದ ಇಬ್ಬರ ಜೊತೆ, ನಮ್ಮ ಛಾವಣಿಯ ಮೇಲಿದ್ದರು. ನಾನು ನಾಲ್ಕು ವಾರ ಗಾಟ್‌ಲಂಡ್ ದ್ವೀಪದಲ್ಲಿದ್ದೆ.

ಕೆಲಸ ಒಂದು ತಪ್ಪೂ ಇಲ್ಲದೆ ಮುಗಿಯಿತು. ಮಂಡಳಿಯವರು ಛಾವಣಿಯನ್ನು ನೋಡಿ, ಬೆಂಗ್ಟ್‌ನ ದೂರದೃಷ್ಟಿಯನ್ನು ಕೊಂಡಾಡಿದರು.

ಮುಂದಿನ ವರ್ಷ ತಿಪ್ಪೇಸ್ವಾಮಿ ಕಾಯಂ ಅರ್ಜಿ ಹಾಕುವಾಗ ನನ್ನಿಂದ ಒಂದು ಪ್ರಶಂಸಾಪತ್ರ ಕೇಳಿದರು. ಯಾರೂ ಕೇಳಿರದ ಕಾಗದ ಅದು. ಅರ್ಜಿಯ ಜೊತೆ ಒಂದು ಒಳ್ಳೆಯ ನಡತೆಯ ಸರ್ಟಿಫಿಕೇಟ್ ಇರಲಿ ಎಂಬುದು ನಮ್ಮವರ ರಕ್ತದಲ್ಲೇ ಇದೆ. ನಾನೂ ನಮ್ಮವನೇ. ಒಂದು ಭಾನುವಾರ ಪೂರ್ತಿ ಕೂತು, ಆ ಭಾಷೆಯಲ್ಲಿ ನನಗೆ ಗೊತ್ತಿದ್ದ ಎಲ್ಲ ಗುಣವಾಚಕಗಳನ್ನೂ ಸುರಿದು ಬರೆದೆ. ಸುಧಾ ಓದಿ, “ಅವರನ್ನ ಇಲ್ಲಿಟ್ಕೊಳ್ತಾರೋ, ಮೆರವಣಿಗೆ ಮಾಡ್ತಾರೋ?” ಎಂದಳು.

ಫೆಬ್ರವರಿಯ ಒಂದು ಬೆಳಿಗ್ಗೆ, ಫಿಕಾದ ಹೊತ್ತಿಗೆ, ಎಲ್ಲರೂ ಕಾಫಿ ಕುಡಿಯುತ್ತಿದ್ದಾಗ, ತಿಪ್ಪೇಸ್ವಾಮಿ ನಮ್ಮ ಕ್ಯಾಂಟೀನಿಗೆ ಬಂದರು. ಕೈಯಲ್ಲಿ ಪರ್ಮಿಟ್ ಕಚೇರಿಯ ಕಾಗದವಿತ್ತು.

“ಅರ್ಥ ಆಯ್ತು ಸಾರ್, ಆದ್ರೂ ಪೂರ್ತಿ ಆಗ್ಲಿಲ್ಲ. ಸ್ವಲ್ಪ ಓದಿ.”

ಅರ್ಜಿ ತಿರಸ್ಕೃತವಾಗಿತ್ತು. ಅರ್ಜಿದಾರರು ಎರಡು ವರ್ಷ, ನಿಯಮದಂತೆ ತೆಗೆದುಕೊಳ್ಳಬೇಕಾದ ರಜೆಯನ್ನು ತೆಗೆದುಕೊಂಡಿಲ್ಲ. ಆದ್ದರಿಂದ ಅವರ ಕೆಲಸದ ಷರತ್ತುಗಳು ಇಲ್ಲಿನ ಕೆಲಸಗಾರರ ಷರತ್ತುಗಳಿಗಿಂತ ಕೆಳಮಟ್ಟದವು. ಓದುತ್ತಾ ಎರಡನೇ ಪುಟಕ್ಕೆ ಬಂದಾಗ ನನಗೆ ಒಂದು ಪರಿಚಿತ ವಾಕ್ಯ ಸಿಕ್ಕಿತು. ಕಚೇರಿಯವರು ಅದನ್ನು ಉದ್ಧರಣ ಚಿಹ್ನೆಯೊಳಗೆ, ಅಕ್ಷರವೂ ತಪ್ಪದಂತೆ ಎತ್ತಿ ಬರೆದಿದ್ದರು. ನಾನು ನಿಲ್ಲಿಸಿದೆ.

“ಓದಿ ಸಾರ್.”

“‘ಇಡೀ ದೇಶ ರಜೆಯಲ್ಲಿದ್ದಾಗ ಈ ವ್ಯಕ್ತಿ ಒಂದು ದಿನವೂ ಬಿಡುವು ಪಡೆಯದೆ, ಜುಲೈ ತಿಂಗಳು ಪೂರ್ತಿ ನಮ್ಮ ಛಾವಣಿಯ ಮೇಲೆ ದುಡಿದಿದ್ದಾರೆ’ ಅಂತಿದೆ.”

“ಅದು ನೀವು ಬರೆದಿದ್ದಲ್ವಾ?”

“ಹೌದು.”

ಅವರು ಕಾಗದವನ್ನು ಮೊದಲಿದ್ದ ಮಡಿಕೆಗೇ ಮಡಿಚಿ ಜೇಬಿಗೆ ಹಾಕಿಕೊಂಡರು. “ನಿಯಮ ಕೆಟ್ಟದ್ದೇನಲ್ಲ,” ಎಂದರು. “ಕೆಲಸಗಾರರ ರಕ್ಷಣೆಗೆ ಮಾಡಿರೋದಂತೆ. ನನ್ನನ್ನ ರಕ್ಷಣೆ ಮಾಡಿ ಊರಿಗೆ ಕಳಿಸ್ತಿದಾರೆ.”

ಮೇಲ್ಮನವಿ ಹಾಕಿದರು. ಯಾನ್, ರಜೆ ಕೊಡಲು ತಾನು ಸದಾ ಸಿದ್ಧನಿದ್ದೆ, ಅವರು ಕೇಳಲಿಲ್ಲ ಎಂದು ಬರೆದುಕೊಟ್ಟ. ಅದರಿಂದ ಯಾನ್‌ಗೆ ಅನುಕೂಲವಾಯಿತು. ನಾನೂ ಇನ್ನೊಂದು ಪತ್ರ ಬರೆಯಲು ಮುಂದಾದೆ. “ಬೇಡ ಸಾರ್, ನೀವು ಬರೀಬೇಡಿ,” ಎಂದರು. ಅಷ್ಟು ಮೃದುವಾಗಿ ನನಗೆ ಯಾರೂ ಏನನ್ನೂ ನಿರಾಕರಿಸಿಲ್ಲ.

ಏಪ್ರಿಲ್‌ನಲ್ಲಿ ಮೇಲ್ಮನವಿಯ ಉತ್ತರ ಬರುವ ಮೊದಲೇ ಕೊನೆಯ ಸಲ ಬಂದರು. ಯಂತ್ರಗಳ ಪಾಸ್‌ವರ್ಡು, ಯಾವ ಫ್ಯೂಸು ಎಲ್ಲಿದೆ, ಬಾಗಿಲಿನ ರಬ್ಬರನ್ನು ಯಾವಾಗ ಮತ್ತೆ ಬದಲಾಯಿಸಬೇಕು, ಎಲ್ಲವನ್ನೂ ಒಂದು ಹಾಳೆಯಲ್ಲಿ ಬರೆದು ತಂದಿದ್ದರು. ನಾವು ಛಾವಣಿ ಹತ್ತಿ ನಿಂತೆವು. ಕೇಳಬಾರದೆಂದು ಗೊತ್ತಿದ್ದೂ ಕೇಳಿದೆ.

“ತಿಪ್ಪೇಸ್ವಾಮಿಯವರೇ, ನನ್ನ ಮೇಲೆ ಸಿಟ್ಟಿದ್ದರೆ ಹೇಳಿಬಿಡಿ.”

“ಇದೆ ಸಾರ್.”

ಅವರು ಒಂದು ತಂತಿಯ ಕ್ಲಿಪ್ಪನ್ನು ಬೆರಳಿನಿಂದ ಅಲ್ಲಾಡಿಸಿ ನೋಡಿದರು. ಗಟ್ಟಿಯಾಗಿತ್ತು.

“ಗಾಟ್‌ಲಂಡ್ ಚೆನ್ನಾಗಿತ್ತಾ ಸಾರ್?”

“ಚೆನ್ನಾಗಿತ್ತು.”

“ಮಗಳು ಕೇಳ್ತಾನೇ ಇದ್ಲು, ಒಂದು ಸಲ ಹೋಗೋಣ ಅಂತ,” ಎಂದು ಹೇಳಿ ಏಣಿ ಇಳಿದರು. ಕೆಳಗೆ ನನಗಾಗಿ ಕಾಯಲಿಲ್ಲ.

ಮೇಲ್ಮನವಿ ವಜಾ ಆಯಿತು. ಮೇ ತಿಂಗಳಲ್ಲಿ ಮೂವರೂ ದೇಶ ಬಿಟ್ಟರು.