ನೆಲದಿಂದ ಏಳುವುದು

ಕಳೆದ ಮಳೆಗಾಲದಲ್ಲಿ ಭೇದಿ ಹತ್ತಿ ನಾಲ್ಕಾರು ದಿನ ಹಾಸಿಗೆ ಹಿಡಿದೆ. ಭೇದಿ ನಿಂತಿತು, ಹಗುರ ಊಟ ಮಾತ್ರ ನಿಲ್ಲಲಿಲ್ಲ. ಪುಣೆಯ ಕೋಥರೂಡದ ಈ ಮನೆಯಲ್ಲಿ ಮಗ, ಸೊಸೆ ಇಬ್ಬರೂ ಸೇರಿ ನನ್ನ ಹೊಟ್ಟೆಯ ಉಸ್ತುವಾರಿ ವಹಿಸಿಕೊಂಡರು. ಜೋಳದ ರೊಟ್ಟಿ ಭಾರ, ಕಾಳು ವಾಯು, ಮೊಸರು ಥಂಡಿ. ಉಳಿದದ್ದು ಮೆತ್ತಗಿನ ಅನ್ನ, ತಿಳಿಸಾರು, ಚಹಾದಲ್ಲಿ ಅದ್ದಿದ ಖಾರಿ ಬಿಸ್ಕಿಟ್. ಹಲ್ಲಿದ್ದೂ ಬೊಚ್ಚುಬಾಯಿಯವಳ ಊಟ.

ದೀಪಾವಳಿ ಹೊತ್ತಿಗೆ ಮಲ ಕಟ್ಟಿ ಹೊಟ್ಟೆ ಕಲ್ಲಾಯಿತು, ತೊಡೆಯಲ್ಲಿ ಬಲ ಉಳಿಯಲಿಲ್ಲ. ಒಂದು ದಿನ ದೇವರ ಮುಂದೆ ಕೂತವಳು ಏಳಲಾಗದೆ ಮಗನನ್ನು ಕೂಗಿದೆ. ಅವನು ಎತ್ತಿ ನಿಲ್ಲಿಸಿದ. ಸಂಜೆಗೆ ಪ್ಲಾಸ್ಟಿಕ್ ಕುರ್ಚಿ ಬಂತು. ಇನ್ನು ನಾನು ನೆಲಕ್ಕೆ ಕೂರಬಾರದೆಂಬ ತೀರ್ಮಾನವೂ ಬಂತು. ನನಗೆ ಮೈಯೆಲ್ಲ ಉರಿಯಿತು. ಕಲಬುರಗಿ ಕಡೆಯಿಂದ ಪುಣೆಗೆ ಬಂದಾಗಿನಿಂದ ನೆಲಕ್ಕೆ ಕೂತೇ ರೊಟ್ಟಿ ಬಡಿದವಳು ನಾನು. ಭೋಸರಿಯ ಕಾರ್ಖಾನೆಗೆ ಹೋಗುತ್ತಿದ್ದ ಗಂಡನ ಊಟದ ಡಬ್ಬಿ ಆ ರೊಟ್ಟಿಯಿಂದಲೇ ತುಂಬುತ್ತಿತ್ತು. ನಿಂತು ಬಡಿದರೆ ನನ್ನ ರೊಟ್ಟಿ ದುಂಡಗಾಗುವುದಿಲ್ಲ. ನೆಲ ಬಿಟ್ಟರೆ ಈ ಮನೆಯಲ್ಲಿ ನಾನು ಇಟ್ಟಲ್ಲಿ ಇರುವ ಸಾಮಾನು, ಅಷ್ಟೆ. ಆ ಭಯಕ್ಕೇ ಸೊಸೆಯನ್ನು ಕರೆದುಕೊಂಡು ಡಾಕ್ಟರ ಹತ್ತಿರ ಹೋದೆ.

ನಾನು ತಿನ್ನುವುದನ್ನೆಲ್ಲ ಕೇಳಿ ಅವರು ಮರಾಠಿಯಲ್ಲಿ ಸೊಸೆಗೆ ಬೈದರೋ ನನಗೆ ಬೈದರೋ ತಿಳಿಯಲಿಲ್ಲ. ಭೇದಿಯಾದಾಗ ಮೆತ್ತಗಿನ ಊಟ ಸರಿ, ತಿಂಗಳುಗಟ್ಟಲೆ ಅದನ್ನೇ ತಿಂದರೆ ಕರುಳಿಗೆ ಕೆಲಸವಿಲ್ಲ, ಸ್ನಾಯುವಿಗೆ ಕೂಳಿಲ್ಲ ಎಂದರು. ಕಾಳು, ಮೊಸರು, ಸೊಪ್ಪು, ರೊಟ್ಟಿ ಎಲ್ಲವನ್ನೂ ಸ್ವಲ್ಪಸ್ವಲ್ಪವಾಗಿ ಶುರು ಮಾಡಬೇಕು. ನೀರು ಚೆನ್ನಾಗಿ ಕುಡಿಯಬೇಕು. ಕೈ ಊರದೆ ಕುರ್ಚಿಯಿಂದ ಎದ್ದು ಕೂರುವುದನ್ನು ರೂಢಿ ಮಾಡಿಕೊಳ್ಳಬೇಕು.

ಕುರ್ಚಿಗೆ ಕೊನೆಗೂ ಕೆಲಸ ಸಿಕ್ಕಿತು. ಮೊದಲು ಮಜ್ಜಿಗೆಯಲ್ಲಿ ನೆನೆಸಿದ ರೊಟ್ಟಿಯ ಚೂರು, ಆಮೇಲೆ ಹೆಸರುಕಾಳಿನ ಪಲ್ಯ. ಹೊಟ್ಟೆ ಗುಡುಗುಡು ಎಂದು ತಕರಾರು ತೆಗೆಯಿತು. ನಾನೂ ಬಿಡಲಿಲ್ಲ, ಮರುದಿನ ಒಂದು ತುತ್ತು ಕಡಿಮೆ ಮಾಡಿ ಮತ್ತೆ ಶುರು ಮಾಡಿದೆ. ಟಿವಿಯಲ್ಲಿ ಜಾಹೀರಾತು ಬಂದಾಗಲೆಲ್ಲ ಎದ್ದೆ, ಕೂತೆ. ಮಗ ನಕ್ಕ. ನಗಲಿ.

ಕಳೆದ ಭಾನುವಾರ ಸೊಸೆ ಒಲೆಯ ಮುಂದೆ ನಿಂತಳು. ನಾನು ಕೆಳಗೆ ಕೂತು ಹಿಟ್ಟು ನಾದುವ ಪರಾತ ಇಟ್ಟುಕೊಂಡು ರೊಟ್ಟಿ ಬಡಿದು ಕೊಟ್ಟೆ, ಅವಳು ಬೇಯಿಸಿದಳು. ಕೊನೆಯದನ್ನು ಅವಳ ಕೈಗಿತ್ತು, ಏಳಲೆಂದು ಒಂದು ಮೊಣಕಾಲು ಊರಿದೆ. ಬೆಂಗಳೂರಿನ ಹುಡುಗಿ ಅವಳು, ಗಾಬರಿಯಾಗಿ, "ಇರಿ ಅತ್ತೆ, ನಾನ್ ಹಿಡ್ಕೋತೀನಿ" ಎಂದು ಬಗ್ಗಿದಳು.

"ನನ್ನ ಹಿಡೀಬ್ಯಾಡವ್ವಾ," ಎಂದೆ. "ಹಂಚಿನ ಮ್ಯಾಲ ರೊಟ್ಟಿ ಹೊತ್ತಲಿಕ್ಕತ್ತದ, ಅದನ್ನ ನೋಡು."

ಅವಳು ಒಲೆಯ ಕಡೆ ತಿರುಗಿದಳು. ರೊಟ್ಟಿ ಮಗುಚಿ ಹಾಕುವಷ್ಟರಲ್ಲಿ ನಾನು ಅವಳ ಪಕ್ಕದಲ್ಲಿ ನಿಂತಿದ್ದೆ.