ಮೂವತ್ತೊಂದು ಜೊತೆ ಚಪ್ಪಲಿ

ನಾನು ಸುಳ್ಳು ಹೇಳಿದೆ. ಗದಗಿನ ಹೆಣ್ಣುಮಕ್ಕಳ ಶಿಕ್ಷಕ ತರಬೇತಿ ಶಾಲೆಯೊಂದರಲ್ಲಿ, ಮುಖ್ಯಾಧ್ಯಾಪಕಿಯ ಕೋಣೆಯಲ್ಲಿ, ಬೆಳಿಗ್ಗೆ ಹತ್ತೂವರೆಗೆ, ನೆಟ್ಟಗೆ ನಿಂತು ಹೇಳಿದೆ. ಹತ್ತೊಂಬತ್ತು ವರ್ಷದ ವಿದ್ಯಾರ್ಥಿನಿಯೊಬ್ಬಳು ನನ್ನನ್ನು ಕೇಳಿಯೇ ಹಿಂದೆ ಉಳಿದಿದ್ದಳು. ಕೇಳಲಿಲ್ಲ ಎಂದು ಹೇಳಿದೆ. ಆ ಒಂದು ಮಾತಿನಿಂದ ಅವಳು ಶಿಕ್ಷಕಿಯಾಗಲಿಲ್ಲ.

ಅವಳನ್ನು ಇಲ್ಲಿ ಗಿರಿಜಾ ಎಂದು ಕರೆಯುತ್ತೇನೆ. ಅದು ಅವಳ ಹೆಸರಲ್ಲ. ನಿಜವಾದ ಹೆಸರನ್ನು ಏಕೆ ಬರೆಯಲಾರೆ ಎಂಬುದು ಮುಂದೆ ತಿಳಿಯುತ್ತದೆ.

ಎಪ್ಪತ್ತರ ದಶಕದ ನಡುಭಾಗ. ವರ್ಷಕ್ಕೊಮ್ಮೆ ಚಳಿಗಾಲದಲ್ಲಿ ತರಬೇತಿಯ ಹುಡುಗಿಯರನ್ನು ಲಕ್ಷ್ಮೇಶ್ವರಕ್ಕೆ ಕರೆದೊಯ್ದು, ಆ ಹಳೆಯ ಊರಿನ ಗುಡಿ, ಬಸದಿ, ಮಸೀದಿಗಳನ್ನು ಕಾಲ್ನಡಿಗೆಯಲ್ಲಿ ತೋರಿಸಿಕೊಂಡು ಬರುವುದು ನನ್ನ ಪಾಲಿನ ಕೆಲಸವಾಗಿತ್ತು. ನಾನು ಬೋರ್ಡಿಂಗ್ ಶಾಲೆಯ ಗಂಟೆಗೆ ಎದ್ದು, ಗಂಟೆಗೆ ಉಂಡು, ಗಂಟೆಗೆ ಮಲಗಿ ಬೆಳೆದವನು. ಯಾವ ಜಾಗದಲ್ಲಿ ಎಷ್ಟು ನಿಮಿಷ ಎಂಬ ಪಟ್ಟಿ ನನ್ನ ಜೇಬಿನಲ್ಲಿ ಇರುತ್ತಿತ್ತು. ಹುಡುಗಿಯರನ್ನು ಎಣಿಸಲು ನಾನೇ ಕಂಡುಕೊಂಡ ಒಂದು ಪದ್ಧತಿಯೂ ಇತ್ತು — ಅವರನ್ನು ಎಣಿಸುವುದಲ್ಲ, ಅವರು ಬಾಗಿಲಲ್ಲಿ ಬಿಟ್ಟ ಚಪ್ಪಲಿಗಳನ್ನು ಎಣಿಸುವುದು. ಕಂಬಗಳ ನಡುವೆ ಓಡಾಡುವ ಹುಡುಗಿಯರನ್ನು ಎಣಿಸಿದರೆ ಒಬ್ಬಳೇ ಎರಡು ಸಲ ಬರುತ್ತಾಳೆ. ಚಪ್ಪಲಿ ಕದಲುವುದಿಲ್ಲ. ಒಳಗೆ ಹೋದಾಗ ಎಷ್ಟು ಜೊತೆ ಎಂದು ನೋಡಿಕೊಳ್ಳಬೇಕು. ಬಾಗಿಲ ಕಲ್ಲು ಬರಿದಾಯಿತೆಂದರೆ ಎಲ್ಲರೂ ಹೊರಗೆ ಬಂದರೆಂದು ಲೆಕ್ಕ. ಗುಡಿ, ಬಸದಿ, ಮಸೀದಿ ಎಲ್ಲ ಕಡೆಗೂ ಇದು ಹೊಂದುತ್ತಿತ್ತು. ಹನ್ನೊಂದು ವರ್ಷ ಒಮ್ಮೆಯೂ ತಪ್ಪಿರಲಿಲ್ಲ. ಬೇರೆ ಮಾಸ್ತರರೂ ಇದನ್ನು ನನ್ನಿಂದ ಕಲಿತಿದ್ದರು. ನನಗೆ ಅದರ ಬಗ್ಗೆ — ಹೌದು, ಹೆಮ್ಮೆ ಇತ್ತು.

ಊರು ತೋರಿಸುತ್ತಿದ್ದವರು ಇಮಾಮಸಾಬ. ಕಲ್ಲುಕೆಲಸದ ಗೌಂಡಿ, ಅರವತ್ತರ ಹತ್ತಿರದ ಮನುಷ್ಯ. ಗುಡಿಯ ಹೊಸ್ತಿಲು ಸವೆದರೂ ಮಸೀದಿಯ ಮೆಟ್ಟಿಲು ಸಡಿಲಾದರೂ ಅವರ ಮನೆತನದವರೇ ಬಂದು ಕೂಡಿಸಬೇಕು. ಹಾಗಾಗಿ ಊರಿನ ಕಲ್ಲುಗಳೆಲ್ಲ ಅವರಿಗೆ ಪರಿಚಯ. ಸೋಮೇಶ್ವರ ಗುಡಿಯ ಒಳಬಾಗಿಲಲ್ಲಿ ನಿಂತು ಅವರು ಹೇಳುತ್ತಿದ್ದರು: "ಇಲ್ಲಿ ಬಗ್ರವ್ವಾ. ಬಗ್ಗಲಿಲ್ಲಂದ್ರ ದೇವರ ಮುಖಾ ನೋಡೂ ಮೊದಲಽ ಹಣಿ ಬಾತಿರತೈತಿ."

ನನ್ನ ಪದ್ಧತಿ ಅವರಿಗೆ ನಗೆಯ ವಸ್ತು. ಆ ದಿನವೂ ನಾನು ಬಗ್ಗಿ ಎಣಿಸುತ್ತಿದ್ದಾಗ, "ಮಾಸ್ತರ, ಮುಂದಿನ ವರ್ಷ ಹುಡುಗ್ಯಾರನ್ನ ಶಾಲ್ಯಾಗಽ ಬಿಡ್ರಿ, ಬರೇ ಚಪ್ಪಲಿ ಚೀಲದಾಗ ಹಾಕ್ಕೊಂಡು ಬರ್ರಿ. ನಾ ಅವಕ್ಕಽ ಗುಡಿ ತೋರಸ್ತೀನಿ" ಎಂದರು. ಹುಡುಗಿಯರು ಸೆರಗು ಬಾಯಿಗೆ ಒತ್ತಿಕೊಂಡು ನಕ್ಕರು. ನಾನು ನಗಲಿಲ್ಲ. ಮೂವತ್ತೆರಡು ಜೊತೆ. ಸರಿ.

ಸೋಮೇಶ್ವರ ಗುಡಿಯಿಂದ ಹೊರಗೆ ಬರುವಾಗ ಗಿರಿಜಾಳ ಚಪ್ಪಲಿಯ ಉಂಗುಟ ಕಿತ್ತುಹೋಯಿತು. ಅವಳು ಎರಡನ್ನೂ ಕೈಚೀಲಕ್ಕೆ ಹಾಕಿಕೊಂಡು ಬರಿಗಾಲಲ್ಲೇ ನಡೆದಳು. ನಾನು ಅದನ್ನು ನೋಡಿದೆ. ಮನಸ್ಸಿನಲ್ಲಿ ಒಂದು ಕಳೆದುಕೊಂಡೆ — ಇನ್ನು ಮೇಲೆ ಮೂವತ್ತೊಂದು.

ಶಂಖ ಬಸದಿಯಲ್ಲಿ ಒಂದೇ ಕಲ್ಲಿನ ಮೈತುಂಬ ಸಾಲುಸಾಲಾಗಿ ಕೆತ್ತಿದ ಪುಟ್ಟ ಜಿನಮೂರ್ತಿಗಳಿವೆ. ಇಮಾಮಸಾಬರು ಅದರ ಮುಂದೆ ದನಿ ತಗ್ಗಿಸಿ, ಈ ಕೆಲಸ ಮಾಡಿದವನ ಕೈ ತಮಗೆ ಒಂದು ದಿನಕ್ಕೆ ಸಿಕ್ಕರೂ ಸಾಕು ಎಂದರು. ಪಟ್ಟಿಯ ಪ್ರಕಾರ ಅಲ್ಲಿ ಇಪ್ಪತ್ತು ನಿಮಿಷ. ಆಗಲೇ ಮೂವತ್ತಾಗಿತ್ತು. ನಾನು ಬಾಗಿಲಿಗೆ ಬಂದು, ಹುಡುಗಿಯರು ಚಪ್ಪಲಿ ಮೆಟ್ಟಿಕೊಳ್ಳುವುದನ್ನು ಬೆರಳು ಮಡಚುತ್ತ ಎಣಿಸುತ್ತಿದ್ದೆ. ಗಿರಿಜಾ ಒಳಗಿನಿಂದ ಬಂದು ಪಕ್ಕದಲ್ಲಿ ನಿಂತಳು. ಕೈಯಲ್ಲಿ ನೋಟುಪುಸ್ತಕ.

"ಸರ್, ನಾ ಆ ಮೂರ್ತಿ ಸಾಲು ಬರಕೊಂಡು ಬರ್ತೀನ್ರಿ. ಪಾಠಕ್ಕ ಚಿತ್ರಾ ಬೇಕಾಗೇತಿ. ಮಸೂತಿ ಹಾದಿ ನನಗ ಗೊತ್ತೈತಿ, ಹಿಂದಿಂದಽ ಬರ್ತೀನಿ."

ಇಪ್ಪತ್ತಾರು, ಇಪ್ಪತ್ತೇಳು — "ಆತು, ಆತು" ಎಂದೆ.

ಹೀಗೆ ಹೇಳಿದ್ದು ನನಗೆ ಮರುದಿನ ಮುಖ್ಯಾಧ್ಯಾಪಕಿಯ ಕೋಣೆಯಲ್ಲೂ ನೆನಪಿತ್ತು, ಇಂದೂ ನೆನಪಿದೆ. ಅವಳ ಮುಖ ನೋಡದೆ ಹೇಳಿದೆ. ಎರಡು ಹೆಜ್ಜೆ ಆಚೆ ಇಮಾಮಸಾಬರು ನಿಂತಿದ್ದರು.

ಕಲ್ಲು ಬರಿದಾಯಿತು. ನಡೆದೆವು. ಮಸೀದಿಯಲ್ಲಿ ಕಲ್ಲಿನಲ್ಲೇ ಕಡೆದ ಸರಪಳಿಗಳನ್ನು ನೋಡಲು ಎಲ್ಲರೂ ತಲೆ ಎತ್ತಿದ್ದಾಗ ನಾನು ಮೆಟ್ಟಿಲ ಬಳಿ ಬಗ್ಗಿ ಎಣಿಸಿದೆ. ಮೂವತ್ತೊಂದು. ಸರಿ ಐತಿ, ಎಂದುಕೊಂಡೆ. ಇಲ್ಲದವಳ ಚಪ್ಪಲಿ ಮೊದಲೇ ಲೆಕ್ಕದಲ್ಲಿ ಇರಲಿಲ್ಲ. ಬೇರೆ ಯಾವ ದಡ್ಡನಾದರೂ ತಲೆ ಎಣಿಸಿ ಒಬ್ಬಳು ಕಡಿಮೆ ಎಂದು ಕಂಡುಕೊಳ್ಳುತ್ತಿದ್ದ. ನಾನು ಕಳೆದುಹೋದ ಹತ್ತು ನಿಮಿಷವನ್ನು ಮಸೀದಿಯಲ್ಲಿ ಕಡಿಮೆ ಮಾಡಿ, ಎಲ್ಲರನ್ನೂ ಅಡ್ಡದಾರಿಯಿಂದ ಬಸ್ ನಿಲ್ದಾಣಕ್ಕೆ ಹೊರಡಿಸಿದೆ. ಇಮಾಮಸಾಬರು ಮಸೀದಿಯ ಬಾಗಿಲಲ್ಲೇ ನಮಗೆ ಸಲಾಂ ಹೇಳಿ ಮನೆಯತ್ತ ತಿರುಗಿದರು. ಗದಗಿಗೆ ಅದೇ ಕೊನೆಯ ಬಸ್ಸು. ತುಂಬಿ ತುಳುಕುತ್ತಿತ್ತು. ಈಗಷ್ಟೇ ಎಣಿಸಿದ್ದೇನಲ್ಲ — ಬಸ್ಸಿನಲ್ಲಿ ಮತ್ತೆ ಎಣಿಸಲಿಲ್ಲ.

ಸಂಜೆ ವಸತಿಗೃಹದ ಪ್ರಾರ್ಥನೆಯ ಹಾಜರಿಯಲ್ಲಿ ಗಿರಿಜಾ ಇಲ್ಲವೆಂದು ಗೊತ್ತಾಯಿತು. ಲಕ್ಷ್ಮೇಶ್ವರಕ್ಕೆ ಫೋನು ಹಚ್ಚಿದೆವು, ತಗುಲಲಿಲ್ಲ. ಅಸುಂಡಿಯಲ್ಲಿದ್ದ ಅವಳ ತಂದೆಗೆ ಸೈಕಲ್ಲಿನ ಮೇಲೆ ಆಳನ್ನು ಕಳಿಸಿದೆವು.

ಆಮೇಲೆ ತಿಳಿದದ್ದು ಇಷ್ಟು: ಅವಳು ಮಸೀದಿಗೆ ಬಂದಾಗ ಯಾರೂ ಇರಲಿಲ್ಲ. ಬರಿಗಾಲಲ್ಲಿ ನಿಲ್ದಾಣಕ್ಕೆ ಓಡಿದಳು, ಬಸ್ಸೂ ಇರಲಿಲ್ಲ. ಯಾರೋ ಹೇಳಿ, ಇಮಾಮಸಾಬರು ಬಂದು ಅವಳನ್ನು ತಮ್ಮ ಮನೆಗೆ ಕರೆದೊಯ್ದರು. ಅವರ ಹೆಂಡತಿ, ನಮ್ಮ ಅಡುಗೆ ನೀನು ಉಣ್ಣುತ್ತೀಯೋ ಇಲ್ಲವೋ ಎಂದು ನೆರೆಮನೆಯ ಲಿಂಗಾಯತರ ಹೆಣ್ಣುಮಗಳಿಂದ ರೊಟ್ಟಿ ತರಿಸಿಕೊಟ್ಟರಂತೆ. ಬೆಳಗಿನ ಮೊದಲ ಬಸ್ಸಿಗೆ ಇಮಾಮಸಾಬರೇ ಅವಳನ್ನು ಗದಗಿಗೆ ಕರೆತಂದರು. ಅವಳು ಅವರ ಹೆಂಡತಿಯ ಚಪ್ಪಲಿ ಮೆಟ್ಟಿಕೊಂಡು ಬಂದಿದ್ದಳು. ಅಳತೆಗೆ ದೊಡ್ಡವು.

ಮುಖ್ಯಾಧ್ಯಾಪಕಿಯ ಕೋಣೆಯಲ್ಲಿ ಅವಳ ತಂದೆ ಆಗಲೇ ಕುಳಿತಿದ್ದರು. ಅಸುಂಡಿಯ ಗುಡಿಯೊಂದರ ಪೂಜೆ ತಲೆಮಾರುಗಳಿಂದ ಅವರ ಮನೆತನದ್ದು. ಮಗಳನ್ನು ಓದಲು ಕಳಿಸಿದ್ದಕ್ಕೇ ಅಣ್ಣತಮ್ಮಂದಿರ ಮಾತು ಕೇಳಿದ್ದವರು. ಒಳ್ಳೆಯ ಮನುಷ್ಯ, ಜೋರು ದನಿಯವರಲ್ಲ. ಗಿರಿಜಾ ಬಾಗಿಲ ಬಳಿ ನಿಂತಿದ್ದಳು. ಇಮಾಮಸಾಬರು ಹೊರಗೆ ಪಡಸಾಲೆಯಲ್ಲಿ.

"ಬಾಯಾರ, ನಾ ಒಂದಽ ಮಾತು ಕೇಳ್ತೀನಿ" ಎಂದರು ತಂದೆ. "ಈಕಿ ಮಾಸ್ತರನ್ನ ಕೇಳಿ ಉಳದಿದ್ರ, ತಪ್ಪು ಶಾಲೀದಾತು. ನಾ ನಮ್ಮ ಮಂದಿಗೆ ಎದಿ ಕೊಟ್ಟು ಹೇಳ್ತೀನಿ, ಕಲೀಲಿ. ಕೇಳದಽ ಉಳದಿದ್ರ — ಇವತ್ತಽ ಕರಕೊಂಡು ಹೊಕ್ಕೀನಿ. ನಾಳೆ ಯಾರಿಗಂತ ಜವಾಬು ಕೊಡ್ಲಿ?"

"ಕೇಳೀನಿ ಅಪ್ಪಾ" ಎಂದಳು ಗಿರಿಜಾ. "ಸರ್ ಆತು ಅಂದ್ರು."

ಮುಖ್ಯಾಧ್ಯಾಪಕಿ ನನ್ನತ್ತ ತಿರುಗಿದರು. ಎಲ್ಲರೂ ತಿರುಗಿದರು.

ಬಡ್ತಿಯ ಆಸೆ ನನಗಿರಲಿಲ್ಲ. ಕೆಲಸ ಹೋಗುವ ಭಯವೂ ಇರಲಿಲ್ಲ. ಹೆಚ್ಚೆಂದರೆ ಒಂದು ತಾಕೀತಿನ ಕಾಗದ. ಆದರೆ ಹನ್ನೊಂದು ವರ್ಷದಲ್ಲಿ ಮೊದಲ ಬಾರಿಗೆ, ಮೂವತ್ತೆರಡು ಹುಡುಗಿಯರಲ್ಲಿ ಒಬ್ಬಳನ್ನು ಬಿಟ್ಟು ಬಂದೆ, ಅವಳು ಕೇಳಿದ್ದನ್ನೂ ಮರೆತೆ ಎಂದು — ಈ ವಾಕ್ಯವನ್ನು ನನ್ನ ಬಾಯಿಂದ —

"ಇಲ್ಲ. ನನ್ನ ಕೇಳಿಲ್ಲ" ಎಂದೆ.

ಪಡಸಾಲೆಯಿಂದ ಇಮಾಮಸಾಬರು ಒಂದು ಹೆಜ್ಜೆ ಒಳಗೆ ಬಂದರು. "ಮಾಸ್ತರ, ಹುಡುಗಿ ಖರೆ ಹೇಳ್ತಾಳ್ರಿ. ನೀವು ಎಣಸಾಕ ಹತ್ತಿದ್ರಿ. ನನ್ನ ಕಿವೀಲೆ ಕೇಳೀನಿ."

ಆಗಲೂ ತಿದ್ದಿಕೊಳ್ಳಬಹುದಿತ್ತು. ಹೌದಲ್ಲ, ಈಗ ನೆನಪಾಯಿತು ಎಂದಿದ್ದರೆ ಯಾರೂ ನನ್ನನ್ನು ಸುಳ್ಳುಗಾರ ಎನ್ನುತ್ತಿರಲಿಲ್ಲ. ನಾನು ಮುಖ್ಯಾಧ್ಯಾಪಕಿಯನ್ನೇ ನೋಡುತ್ತ ಹೇಳಿದೆ: "ವಯಸ್ಸಾದವರು. ಗದ್ದಲದೊಳಗ ಸರಿ ಕೇಳಿಸಿರಲಿಕ್ಕಿಲ್ಲ."

ಗಿರಿಜಾ ನನ್ನನ್ನು ನೋಡಿದಳು. ಸಿಟ್ಟಿನಿಂದಲ್ಲ. ತಾನೇ ಎಲ್ಲೋ ತಪ್ಪಿದೆನೇನೋ ಎಂದು ನೆನಪು ಮಾಡಿಕೊಳ್ಳುವವಳ ಹಾಗೆ. ಮಧ್ಯಾಹ್ನದ ಹೊತ್ತಿಗೆ ತಂದೆ ಅವಳ ಟ್ರಂಕನ್ನು ಹೊತ್ತು ನಡೆದರು. ವಾರ್ಷಿಕ ಪರೀಕ್ಷೆಗೆ ನಾಲ್ಕು ತಿಂಗಳಿತ್ತು. ನಾನು ನಾಲ್ಕನೆಯ ತಾಸಿನ ಪಾಠಕ್ಕೆ ಸರಿಯಾದ ಹೊತ್ತಿಗೆ ಹೋದೆ.

ಮುಂದಿನ ವರ್ಷದಿಂದ ಪ್ರವಾಸ ನಿಂತಿತು. ಇಮಾಮಸಾಬರನ್ನು ಒಮ್ಮೆ ಶಿರಹಟ್ಟಿಯ ಸಂತೆಯಲ್ಲಿ ಕಂಡೆ. ಮುಖ ತಿರುಗಿಸುತ್ತಾರೆ ಎಂದುಕೊಂಡಿದ್ದೆ. ಅವರು ಎದೆಗೆ ಕೈ ಒಯ್ದು, "ಆರಾಮ ಏನ್ರಿ ಮಾಸ್ತರ?" ಎಂದು ಕೇಳಿದರು. ನಾನು ಆರಾಮ ಎಂದೆ. ಕೆಲವು ವರ್ಷಗಳಲ್ಲಿ ಅವರು ತೀರಿಕೊಂಡ ಖಬರ ಬಂತು. ಅವರ ಮಟ್ಟಿಗೆ ನಾನು ಇನ್ನೇನೂ ಮಾಡುವಂತಿಲ್ಲ.

ಎಂಬತ್ತರ ದಶಕದ ಆರಂಭದಲ್ಲಿ, ಆಗ ಶಿಕ್ಷಣ ಇಲಾಖೆಗೆ ವರ್ಗವಾಗಿದ್ದ ನಾನು, ಶಾಲೆಗಳ ತಪಾಸಣೆಗೆಂದು ಮುಂಡರಗಿ ಕಡೆಯ ಒಂದು ಹಳ್ಳಿಗೆ ಹೋಗಿದ್ದೆ. ಅಲ್ಲಿಯ ಮಾಸ್ತರರು ಮಾತಿನ ನಡುವೆ, ಈ ಓಣಿಯ ಒಂದು ಮನೆಯ ಸೊಸೆ ಅಸುಂಡಿಯವಳು, ಟ್ರೇನಿಂಗ್ ಅರ್ಧಕ್ಕೆ ಬಿಟ್ಟವಳು ಎಂದರು. ನಾನು ಕೇಳಿಕೊಂಡು ಹೋದೆ.

ಗಿರಿಜಾ ಅಂಗಳದಲ್ಲಿ ಮೊರದ ತುಂಬ ಕಡಲೆ ಹಸನು ಮಾಡುತ್ತಿದ್ದಳು. ನನ್ನನ್ನು ಕಂಡು ಎದ್ದು ಸೆರಗು ಸರಿಮಾಡಿಕೊಂಡಳು. ಮೊರ ಕೆಳಗಿಡುವುದನ್ನು ಮರೆತಳು.

"ಯಾರವ್ವಾ ಅವರು?" ಒಳಗಿನಿಂದ ಅತ್ತೆ ಕೇಳಿದರು.

"ನಮ್ಮ ಶಾಲಿ ಮಾಸ್ತರ್ರೀ ಅತ್ತಿ."

"ನಿನಗ ಕಲಿಸಿದವರಾ? ಹಂಗಾರ ಚಾಕ್ಕ ಎರಡು ಚಮಚಾ ಸಕ್ಕರಿ ಹೆಚ್ಚಿಗಿ ಹಾಕ್ತೀನಿ. ಪಾಪ, ಭಾಳ ದಣಿದಿರಬೇಕು!"

ಅತ್ತೆಯ ನಗು ಅಡುಗೆಮನೆಯತ್ತ ಹೋಯಿತು. ಗಿರಿಜಾ ಆ ಕಡೆ ಒಮ್ಮೆ ನೋಡಿ, ದನಿ ತಗ್ಗಿಸಿದಳು.

"ಸರ್, ಅವತ್ತಿಂದು ಈ ಮನ್ಯಾಗ ಯಾರಿಗೂ ಗೊತ್ತಿಲ್ರಿ. ಲಕ್ಷ್ಮೇಶ್ವರದ ಮಾತು ತೆಗೀಬ್ಯಾಡ್ರಿ." ಮೊರದ ಕಡಲೆಯ ಮೇಲೆ ಕೈಯಾಡಿಸಿದಳು. "ಒಂದಽ ಕೇಳ್ತೀನಿ. ನಾ ನಿಮ್ಮನ್ನ ಕೇಳಿದ್ದೆ ಅಂತ ಮೊದಲೆಲ್ಲಾ ಅನಸ್ತಿತ್ರಿ. ಎಲ್ಲಾರೂ ಇಲ್ಲಂದ್ರು. ಅಪ್ಪನೂ ಸಾಯೂತನಾ ಸುಳ್ಳ ಹೇಳಿದಿ ಅಂತಽ ಅಂದ. ಈಗೀಗ ನನಗಽ ಸಂಶೆ ಬರ್ತೈತಿ. ನಾ ಕೇಳಿದ್ನ್ಯೋ ಇಲ್ಲೋ? ನೀವಽ ಹೇಳ್ರಿ ಸರ್."

ಒಂದು ಮಾತು ಸಾಕಿತ್ತು. ನೀ ಕೇಳಿದ್ದಿ — ಅಷ್ಟೇ. ಕ್ಷಮೆ ಬೇಡುವುದೂ ಬೇಕಿರಲಿಲ್ಲ. ಅತ್ತೆ ಇನ್ನೂ ಒಳಗಿದ್ದರು. ಬಟ್ಟಲು ತೊಳೆಯುವ ಸದ್ದು ಬರುತ್ತಿತ್ತು. ನನ್ನ ಕಣ್ಣು ಮೊದಲಿನಿಂದ ರೂಢಿಯಾದ ಕಡೆಗೆ, ಕೈಗಡಿಯಾರಕ್ಕೆ ಹೋಯಿತು. ಚಹಾ ಬಂತು. ಬಾಯಿ ಸುಡುತ್ತಿದ್ದರೂ ಕುಡಿದೆ. ಬಸ್ಸಿನ ಹೊತ್ತಾತು ಎಂದು ಎದ್ದೆ. ಅವಳು ಬಾಗಿಲ ತನಕ ಬಂದು ಕೈ ಮುಗಿದಳು. ಮತ್ತೆ ಕೇಳಲಿಲ್ಲ.

ಆಮೇಲೆ ಎಷ್ಟೋ ಕಾಗದ ಬರೆದೆ. ಒಂದನ್ನೂ ಅಂಚೆಗೆ ಹಾಕಲಿಲ್ಲ. ಆ ಮನೆಗೆ ಬಂದ ಕಾಗದವನ್ನು ಅವಳ ಮೈದುನ ಒಡೆದು ಎಲ್ಲರಿಗೂ ಓದಿ ಹೇಳುತ್ತಾನೆ ಎಂದು ಆ ಊರಿನ ಮಾಸ್ತರರು ಹೇಳಿದ್ದರು. ನಿಜ ಬರೆದರೆ ಅವಳು ಮುಚ್ಚಿಟ್ಟದ್ದು ಹೊರಬೀಳುತ್ತದೆ. ಮತ್ತೊಮ್ಮೆ ಹೋದರೆ, ಈ ಮಾಸ್ತರ ಯಾಕೆ ಪದೇ ಪದೇ ಬರುತ್ತಾನೆ ಎಂದು ಕೇಳುತ್ತಾರೆ. ತರಬೇತಿ ಶಾಲೆಗೆ ಹೋಗಿ ಲಿಖಿತವಾಗಿ ತಪ್ಪೊಪ್ಪಿಕೊಂಡೆ. ಗುಮಾಸ್ತರು ಓದಿ, "ಈಗ್ಯಾಕ್ರಿ ಸರ್ ಇದು? ಯಾವ ಫೈಲಿಗೆ ಹಚ್ಚಲಿ?" ಎಂದು ಕಾಗದವನ್ನು ಮರಳಿಸಿದರು. ಎಲ್ಲ ದಾರಿಯೂ ಮುಚ್ಚಿದೆ ಎಂದು ನನಗೆ ನಾನೇ ಹೇಳಿಕೊಳ್ಳುತ್ತ ಬಂದಿದ್ದೇನೆ.

ಆದರೆ ಅವಳ ಮನೆಯಲ್ಲಿ ಚಹಾ ಕುಡಿದು ಎದ್ದ ಆ ದಿನದ ಒಂದು ಸಂಗತಿಯನ್ನು ನಾನು ಇನ್ನೂ ಬರೆದಿಲ್ಲ.

ನಾನು ನಿಲ್ದಾಣಕ್ಕೆ ಬಂದು ಬಸ್ಸಿನಲ್ಲಿ ಕುಳಿತೆ. ಅದು ಹೊರಡಲಿಲ್ಲ. ಹಿಂದಿನ ಗಾಲಿ ಪಂಕ್ಚರಾಗಿತ್ತು. ಕಂಡಕ್ಟರ್ ಕಿಟಕಿಯ ಬಳಿ ಬಂದು, "ಇಳೀರಿ ಯಜಮಾನ್ರ, ಕಾಲಾಡಿಸ್ಕೊಂಡು ಬರ್ರಿ. ಇನ್ನಾ ಭಾಳ ಹೊತ್ತು ಐತಿ. ನಿಮ್ಮನ್ನ ಬಿಟ್ಟು ಹೋಗಂಗಿಲ್ಲ" ಎಂದ. ಅವಳ ಮನೆ ಅಲ್ಲಿಂದ ಆರು ನಿಮಿಷದ ದಾರಿ. ಬರುವಾಗ ಗಡಿಯಾರ ನೋಡಿಕೊಂಡೇ ಬಂದಿದ್ದೆ. ಕೊಡೆಯನ್ನು ಬೇಕೆಂದೇ ಅಲ್ಲಿ ಬಿಟ್ಟು ಬಂದಿದ್ದರೂ ಒಂದು ನೆವ ಆಗುತ್ತಿತ್ತು. ಕೊಡೆ ತೊಡೆಯ ಮೇಲಿತ್ತು. ಓಣಿಯ ತಿರುವು ಕಿಟಕಿಯಿಂದ ಕಾಣುತ್ತಿತ್ತು. ಇತರರೆಲ್ಲ ಇಳಿದು ಚಹಾ ಕುಡಿದು ಬಂದರು.

ಬಸ್ಸು ನಲವತ್ತು ನಿಮಿಷ ನಿಂತಿತ್ತು. ನಾನು ಇಳಿಯಲಿಲ್ಲ.