ದೊಡ್ಡಮ್ಮನ ಹಸಿರು ಬೂಷ್ಟು

"ವಿಷ ಹೊಡೀದೆ ಗೊಣ್ಣೆಹುಳ ಸಾಯೋದುಂಟಾ? ಆಗೋ ಮಾತಲ್ಲ" ಅಂದಿದ್ದು ಲಾನ್ ತೋಟದ ಮೇಸ್ತ್ರಿ. ಮೊನ್ನೆ ನಮ್ಮ ಕೃಷಿ ಕಚೇರಿಯಲ್ಲಿ ಒದ್ದೆ ಗೋಣಿಚೀಲ ಎತ್ತಿದಾಗ ಹಳೇ ಗೊಬ್ಬರದ ವಾಸನೆ ಮೂಗಿಗೆ ಬಡೀತು. ಆ ಮಾತು ನೆನಪಾಯಿತು. ಅದರ ಹಿಂದೆಯೇ ಪಕ್ಕದ ಮನೆ ದೊಡ್ಡಮ್ಮನೂ ಬಂದಳು...

ದೊಡ್ಡಮ್ಮ ಅಂದರೆ ರಕ್ತಸಂಬಂಧವಲ್ಲ. ತಾಯಲೂರಿನ ಕಡೆಯವಳು. ಮಾಲೂರಿಗೆ ಬಂದು ನಮ್ಮಮ್ಮನ ಜೊತೆ ಆ ತೋಟದಲ್ಲಿ ಕೆಲಸಕ್ಕಿದ್ದಳು. ಹುಲ್ಲು ಬೆಳೆಸಿ, ಚಾಪೆ ಹಾಗೆ ಕತ್ತರಿಸಿ, ಸುತ್ತಿ, ಬೆಂಗಳೂರಿನ ಲಾರಿಗೆ ತುಂಬೋ ಕೆಲಸ. ಆ ವರ್ಷ ಮಣ್ಣೊಳಗಿನ ಗೊಣ್ಣೆಹುಳ ಬೇರು ತಿಂದು, ಹುಲ್ಲು ಹಾಗೇ ಕೈಗೆ ಎದ್ದು ಬರುತ್ತಿತ್ತು. ವಿಷ ಹೊಡೆದ ದಿನವೆಲ್ಲ ದೊಡ್ಡಮ್ಮನಿಗೆ ತಲೆಸುತ್ತು, ವಾಂತಿ. ನಾನಾಗ ಕೃಷಿ ಪದವಿಯ ಮೂರನೇ ವರ್ಷದಲ್ಲಿದ್ದೆ. ನಮ್ಮ ವಂಶದಲ್ಲಿ ಕಾಲೇಜು ಮೆಟ್ಟಿಲು ಹತ್ತಿದವಳು ನಾನೊಬ್ಬಳೇ. ಹುಳವನ್ನ ಕೊಲ್ಲೋ ಬೂಷ್ಟು ಒಂದಿದೆ ಅಂತ ಹೇಳಿ, ಕಾಲೇಜಿನಿಂದ ಅದರ ಪುಡಿ ತಂದುಕೊಟ್ಟೆ.

ಅವಳು ಮೇಸ್ತ್ರಿಯನ್ನ ಕಾಡಿ ಬೇಡಿ ಒಂದು ಮಡಿ ಜಾಗ ಕೇಳಿಕೊಂಡಳು.

"ಕೆಟ್ಟರೆ ನೀನು ಮನೆಗೆ" ಅಂದ ಅವನು.

"ಹೋಗ್ತೀನಿ ಬಿಡಪ್ಪಾ" ಅಂದಳು.

ಪುಡಿಯನ್ನ ಕೊಟ್ಟಿಗೆ ಗೊಬ್ಬರಕ್ಕೆ ಬೆರೆಸಿ, ನೆರಳಲ್ಲಿಟ್ಟು ಒದ್ದೆ ಗೋಣಿ ಹೊದಿಸಿ, ಬಾಣಂತಿಯನ್ನ ನೋಡಿಕೊಂಡ ಹಾಗೆ ನೋಡಿಕೊಂಡಳು. "ಏಮೇ, ಇದೂ ಒಂದು ಜೀವಾನೇ ಕಣೇ. ಒಣಗಿಸ್ಬಾರ್ದು" ಅನ್ನೋಳು. ಹದಿನೈದು ದಿನ ಬಿಟ್ಟು ಮಡಿಗೆ ಹರಡಿದೆವು. ಆಮೇಲೊಂದು ಬೆಳಗ್ಗೆ, ಸೆಟೆದು ಸತ್ತ ಹುಳವೊಂದನ್ನ ಅಂಗೈಯಲ್ಲಿಟ್ಟು ತೋರಿಸಿದಳು. ಮೈಮೇಲೆಲ್ಲ ಹಸಿರು ಬೂಷ್ಟು. ಮೇಸ್ತ್ರಿಯನ್ನೇ ಕರೆದು, "ಆಗೋ ಮಾತಲ್ಲ ಅಂದ್ಯಲ್ಲಪ್ಪಾ, ನೋಡು" ಅಂತ ನಕ್ಕಳು.

ಮುಂದಿನ ವಾರ ಅವಳು ಊರಿಗೆ ಹೋಗಿದ್ದಳು. ಮಡಿಯ ಅಂಚಲ್ಲಿ ಹುಲ್ಲು ದುಂಡಗೆ ಹಳದಿಯಾಗಿತ್ತು. ಅದು ಹುಲ್ಲಿನ ರೋಗ, ಪುಸ್ತಕದಲ್ಲಿ ಓದಿದ್ದೆ. ದೊಡ್ಡಮ್ಮ ಬೇಡ ಅಂದಿದ್ದು ಹುಳದ ಔಷಧಿ ತಾನೇ, ಇದು ರೋಗದ ಔಷಧಿ ಅಂದುಕೊಂಡು ಇಡೀ ಮಡಿಗೆ ಹೊಡೆದೆ. ಆ ರೋಗವೂ ಒಂದು ಬೂಷ್ಟೇ. ಅದನ್ನ ಕೊಲ್ಲೋ ಔಷಧಿ ಅವಳ ಬೂಷ್ಟನ್ನ ಬಿಡುತ್ತಾ? ನನಗೆ ಅದು ಹೊಳೆದಿದ್ದು... ತಿಂಗಳಾದ ಮೇಲೆ. ಅಷ್ಟರಲ್ಲಿ ಉಳಿದ ಹುಳಗಳು ಬೇರನ್ನೆಲ್ಲ ತಿಂದು ಮುಗಿಸಿದ್ದವು.

"ನಿನ್ನ ಹುಳಾನೇ ಕಟಾವು ಮಾಡ್ಕೊಟ್ಟವಲ್ಲಮ್ಮ" ಅಂತ ಮೇಸ್ತ್ರಿ ಆಡಿಕೊಂಡ. ದೊಡ್ಡಮ್ಮ ಗೋಣಿಚೀಲ ಕೊಡವಿ, ಮಡಚಿಟ್ಟು, ಹೊರಟುಹೋದಳು. ನಾನು ಅಲ್ಲೇ ನಿಂತಿದ್ದೆ. ಪದವಿ ಮುಗಿಯೋ ಮುಂಚೆ ಹೆಸರು ಕೆಟ್ಟೀತು ಅಂತ ಬಾಯಿ ಬಿಡಲಿಲ್ಲ.

ಬೇರೆ ತೋಟದಲ್ಲಿ ಅವಳಿಗೆ ಸಿಕ್ಕಿದ್ದು ವಿಷ ಹೊಡೆಯೋ ಕೆಲಸವೇ. ಎರಡು ವರ್ಷವೂ ಬದುಕಲಿಲ್ಲ. ಯಾತರಿಂದ ಅಂತ ಯಾರೂ ಹೇಳಲಿಲ್ಲ...

ಈಗ ರೈತರಿಗೆ ಅದೇ ಪುಡಿ ಹಂಚೋದು ನನ್ನ ಕೆಲಸ. ತಗೊಂಡು ಹೋದವರು ಬಿಸಿಲಿಗಿಟ್ಟು ಸಾಯಿಸ್ತಾರೆ. ಆ ಲಾನ್ ತೋಟದಲ್ಲಿ ಇವತ್ತಿಗೂ ವಿಷದ ಡ್ರಮ್ಮುಗಳೇ.

ಮೊನ್ನೆ ಮನೆಗೆ ಬಂದವಳೇ ಗೋಡೆ ಮೇಲಿದ್ದ ಪದವಿ ಪತ್ರ ಇಳಿಸಿ ಅಮ್ಮನ ಕೈಗೆ ಕೊಟ್ಟೆ. ಅದು ಬಂದ ದಿನವೂ ಹೇಳದೆ ನುಂಗಿದ್ದನ್ನೆಲ್ಲ ಹೇಳಿದೆ. ಅಮ್ಮ ಸೆರಗಿನಿಂದ ಗಾಜು ಒರೆಸುತ್ತಲೇ ಇದ್ದಳು.

"ಅವಳಿಗೆ ಗೊತ್ತಿತ್ತು ಕಣೇ. ಹುಲ್ಲಿನ ಗರಿ ಮೇಲೆ ಔಷಧಿ ಕಲೆ ನೋಡಿದ್ಲು. 'ಓದೋ ಹುಡುಗಿ, ಯಾರೂ ಕೇಳ್ಬೇಡಿ' ಅಂತ ನನ್ನ ಕೈಲಿ ಭಾಷೆ ತಗೊಂಡ್ಲು. ನೀನೇ ಬಂದು ಹೇಳ್ತೀಯಾ ಅಂತ ಕಾದ್ಲು."